30 ಟನ್ ಎಸಿ 18 ಟನ್‌ಗೆ ಇಳಿದ ಬಗೆ

ಎಸಿ ಗುತ್ತಿಗೆದಾರರು ಕೊಟ್ಟ ಅಂದಾಜು ಒಂದೇ ಪುಟದ್ದು. ಕಲಬುರಗಿಯ ಒಂದು ಶಿಕ್ಷಣ ಸಂಸ್ಥೆ ಕಟ್ಟಿಸಲು ಹೊರಟಿದ್ದ ಎರಡು ಅಂತಸ್ತಿನ ಗ್ರಂಥಾಲಯಕ್ಕೆ 30 ಟನ್ ಹವಾನಿಯಂತ್ರಣ ಬೇಕು ಎಂದು ಅದರಲ್ಲಿತ್ತು. ತಂಪಾಗಬೇಕಾದ ಜಾಗವೆಂದರೆ ಮೇಲಂತಸ್ತಿನ ಓದುವ ಹಾಲ್ ಮತ್ತು ಕೆಳಗಿನ ಡಿಜಿಟಲ್ ಗ್ರಂಥಾಲಯ, ಎರಡೂ ಸೇರಿ ಸುಮಾರು 350 ಚದರ ಮೀಟರ್. ಲೆಕ್ಕ ಹೇಗೆ ಬಂತು ಎಂದು ಕೇಳಿದೆ. ‘ನೂರಿಪ್ಪತ್ತೈದು ಚದರ ಅಡಿಗೆ ಒಂದು ಟನ್. ನಮ್ಮ ಊರಿನ ಬಿಸಿಲಿಗೆ ಇಷ್ಟು ಬೇಕೇ ಬೇಕು’ ಎಂದರು. ಗೋಡೆ ಯಾವುದರದ್ದು, ಮಾಳಿಗೆಯ ಮೇಲೆ ಏನು ಹಾಸುತ್ತೀರಿ, ಕಿಟಕಿಗಳು ಯಾವ ದಿಕ್ಕಿಗಿವೆ ಎಂದು ಅವರು ವಿಚಾರಿಸಿರಲಿಲ್ಲ. ವಿಚಾರಿಸಿದ್ದರೂ ಆ ಹೊತ್ತಿಗೆ ಉತ್ತರ ಕೊಡುವವರು ಯಾರೂ ಇರಲಿಲ್ಲ. ಕಟ್ಟಡ ಇನ್ನೂ ಕೆಲವು ಹಾಳೆಗಳ ನಕ್ಷೆಯಾಗಿತ್ತು.

ನಾನು ದುಡಿಯುವ ವಾಸ್ತುಶಿಲ್ಪ ಕಚೇರಿಯಲ್ಲಿ ಬಿಐಎಂ ಮಾದರಿ ಕಟ್ಟುವುದು ನನ್ನ ಪಾಲಿನ ಕೆಲಸ. ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್ ಎಂಬ ಉದ್ದ ಹೆಸರಿನ ಈ ಪದ್ಧತಿಯನ್ನು ನಾವು ತಂದುಕೊಂಡದ್ದು ಸಿಮೆಂಟು, ಕಬ್ಬಿಣ, ಇಟ್ಟಿಗೆಗಳ ಪ್ರಮಾಣ ಸರಿಯಾಗಿ ಸಿಗಲಿ ಎಂದು, ಕೊಳವೆ ಹೋಗಬೇಕಾದಲ್ಲಿ ತೊಲೆ ಬಂದು ಕೂರದಿರಲಿ ಎಂದು. ಹಳೆಯ ಕಂಪ್ಯೂಟರ್ ನಕ್ಷೆಯಲ್ಲಿ ಗೋಡೆ ಎಂದರೆ ಎರಡು ಗೆರೆ. ಮಾದರಿಯಲ್ಲಿ ಅದಕ್ಕೆ ಎತ್ತರ, ದಪ್ಪ, ಪದರಗಳು, ಪ್ರತಿ ಪದರದ ವಸ್ತು, ಆ ವಸ್ತುವಿನ ಸಾಂದ್ರತೆ, ಅದು ಶಾಖವನ್ನು ಎಷ್ಟು ಸಾಗಿಸುತ್ತದೆ ಎಂಬ ಗುಣ, ಎಲ್ಲವನ್ನೂ ಅಂಟಿಸಿಡಬಹುದು. ಇಡಬಹುದು ಎಂದೆ, ಹೆಚ್ಚಿನ ಕಡೆ ಯಾರೂ ಇಡುವುದಿಲ್ಲ. ಶಾಖದ ಕಾಲಂ ಖಾಲಿ ಬಿದ್ದಿರುತ್ತದೆ, ಇಲ್ಲವೇ ತಂತ್ರಾಂಶ ತಯಾರಿಸಿದವರು ತುಂಬಿಟ್ಟ ಯಾವುದೋ ದೇಶದ ಇಟ್ಟಿಗೆಯ ಗುಣ ಅಲ್ಲಿ ಕೂತಿರುತ್ತದೆ. ಸಂಸ್ಥೆಯ ಕಾರ್ಯದರ್ಶಿಗಳು ಆ ಒಂದು ಪುಟದ ಅಂದಾಜನ್ನು ನಮ್ಮ ಮೇಜಿನ ಮೇಲಿಟ್ಟು, ‘ಯಂತ್ರ ಕೊಡಿಸುವ ದಾನಿಗಳು ಸಿಗುತ್ತಾರೆ, ತಿಂಗಳು ತಿಂಗಳು ಕರೆಂಟು ಬಿಲ್ಲು ಕಟ್ಟುವ ದಾನಿಗಳು ಸಿಗುವುದಿಲ್ಲ’ ಎಂದ ಮೇಲೆ ಆ ಕಾಲಂ ತುಂಬುವ ಕೆಲಸ ಶುರುವಾಯಿತು.

ಮೊದಲು ಬೇಕಾದದ್ದು ಹವೆ. ಶಕ್ತಿ ಲೆಕ್ಕದ ತಂತ್ರಾಂಶಕ್ಕೆ ವರ್ಷದ 8,760 ಗಂಟೆಗಳ ಉಷ್ಣಾಂಶ, ತೇವ, ಗಾಳಿ, ಬಿಸಿಲು ಒಂದು ಕಡತದಲ್ಲಿ ಬೇಕು. ನಮ್ಮ ಕೈಯಲ್ಲಿದ್ದ, ಎಸಿ ಎಂಜಿನಿಯರುಗಳ ಸಂಘವಾದ ಇಶ್ರೇಯ ಕಡತಗಳಲ್ಲಿ ಕರ್ನಾಟಕದಿಂದ ಬೆಂಗಳೂರು, ಮಂಗಳೂರು, ಬೆಳಗಾವಿ, ಚಿತ್ರದುರ್ಗ ಇದ್ದವು, ಕಲಬುರಗಿ ಇರಲಿಲ್ಲ. ಸೊಲ್ಲಾಪುರವನ್ನು ಹಿಡಿದೆವು. ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ದೂರ; ಅದೇ ಕಪ್ಪು ನೆಲ, ಅದೇ ಒಣ ಬಿಸಿಲು, ಸಮುದ್ರ ಮಟ್ಟದಿಂದ ಎತ್ತರವೂ ಹೆಚ್ಚು ಕಡಿಮೆ ಒಂದೇ. ರಾಜ್ಯ ಒಂದೇ ಎಂದು ಬೆಂಗಳೂರಿನ ಕಡತ ಹಾಕುವವರೂ ಇದ್ದಾರೆ. ಆ ಕಡತದ ಪ್ರಕಾರ ಕಲಬುರಗಿಯ ಮೇ ತಿಂಗಳಲ್ಲಿ ಸಂಜೆ ಹೊತ್ತು ಕಿಟಕಿ ತೆರೆದರೆ ಸಾಕು.

ಅಳತೆಗೋಲಾಗಿ ಇಟ್ಟುಕೊಂಡದ್ದು ಇಂಧನ ದಕ್ಷತಾ ಬ್ಯೂರೋದ 2017ರ ಕಟ್ಟಡ ಸಂಹಿತೆಯನ್ನು, ಎಲ್ಲರೂ ಇಸಿಬಿಸಿ ಎನ್ನುವುದನ್ನು. 100 ಕಿಲೋವ್ಯಾಟ್ ಇಲ್ಲವೇ ಅದಕ್ಕಿಂತ ಹೆಚ್ಚಿನ ಸಂಪರ್ಕ ಭಾರವಿರುವ ವಾಣಿಜ್ಯ ಕಟ್ಟಡಗಳಿಗೆ ಅದು ಅನ್ವಯ. ನಮ್ಮದು ಅಷ್ಟು ದೊಡ್ಡದಲ್ಲ, ಪಾಲಿಸಲೇಬೇಕೆಂಬ ಒತ್ತಾಯವೂ ಇರಲಿಲ್ಲ. ಆದರೆ ‘ಎಷ್ಟು ಮಾಡಿದರೆ ಸಾಕು’ ಎಂಬ ಪ್ರಶ್ನೆಗೆ ಸಭೆಯಲ್ಲಿ ತೋರಿಸಲು ಒಂದು ಮುದ್ರಿತ ಸಂಖ್ಯೆ ಇದ್ದರೆ ವಾದ ಅರ್ಧಕ್ಕೆ ನಿಲ್ಲುತ್ತದೆ. ಆ ಸಂಹಿತೆಯಲ್ಲಿ ನಮ್ಮ ರಾಜ್ಯವನ್ನು ಅಡ್ಡಕ್ಕೆ ಸೀಳುವ ಒಂದು ಗೆರೆಯೂ ಇದೆ. 15 ಡಿಗ್ರಿ ಅಕ್ಷಾಂಶದಿಂದ ಮೇಲಿರುವ ಊರುಗಳಲ್ಲಿ ಉತ್ತರ ದಿಕ್ಕಿನ ಗಾಜು ಬಿಸಿಲಿನ ಶಾಖದ ಅರ್ಧದಷ್ಟನ್ನು, ಅಂದರೆ 0.50 ಭಾಗವನ್ನು ಒಳಗೆ ಬಿಡಬಹುದು. ಕೆಳಗಿನ ಊರುಗಳಲ್ಲಿ ಉಳಿದ ದಿಕ್ಕುಗಳಂತೆ 0.27 ಮಾತ್ರ. ಹುಬ್ಬಳ್ಳಿಗೆ ಸಿಗುವ ರಿಯಾಯಿತಿ ದಾವಣಗೆರೆಗೆ ಸಿಗುವುದಿಲ್ಲ.

ಗೋಡೆ, ಗಾಜುಗಳಿಗಿಂತ ಹೆಚ್ಚು ಹೊತ್ತು ಹಿಡಿದದ್ದು ಜನರ ಲೆಕ್ಕ. ಯಾರು, ಎಷ್ಟು ಜನ, ಯಾವ ಹೊತ್ತಿನಲ್ಲಿ ಒಳಗಿರುತ್ತಾರೆ? ಕುಳಿತು ಓದುವ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಶಾಖ ಬಿಡುತ್ತಾನೆ. ನೂರು ಜನ ಓದುವ ಹಾಲ್‌ನಲ್ಲಿ ಅದೇ ಹತ್ತು ಕಿಲೋವ್ಯಾಟ್. ತಂತ್ರಾಂಶ ತಾನಾಗಿ ತುಂಬಿಕೊಳ್ಳುವ ವೇಳಾಪಟ್ಟಿಯಲ್ಲಿ ಜನ ವಾರಕ್ಕೆ ಐದು ದಿನ ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುತ್ತಾರೆ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು?

ಗ್ರಂಥಪಾಲಕಿ ಹಳೆಯ ಕಟ್ಟಡದ ಬಾಗಿಲಲ್ಲಿಟ್ಟಿದ್ದ ಹಾಜರಿ ಪುಸ್ತಕಗಳನ್ನು ತಂದುಕೊಟ್ಟರು. ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ಸಹಿ. ನಾವು ಅಂದುಕೊಂಡದ್ದು ಮೇ ತಿಂಗಳಲ್ಲಿ ಕಾಲೇಜಿಗೆ ರಜೆ, ಹಾಲ್ ಖಾಲಿ, ಆದ್ದರಿಂದ ಅತಿ ಬಿಸಿಲಿನ ತಿಂಗಳು ಲೆಕ್ಕದಿಂದ ಹೆಚ್ಚು ಕಡಿಮೆ ಹೊರಗೆ ಎಂದು. ಪುಸ್ತಕ ಬೇರೆಯೇ ಹೇಳಿತು. ಕಾಲೇಜಿನ ಹುಡುಗರು ಹೋದ ಜಾಗದಲ್ಲಿ ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಗೆ ಓದುವವರು ಬಂದು ಕೂರುತ್ತಾರೆ. ಸುತ್ತಲಿನ ತಾಲ್ಲೂಕುಗಳಿಂದ ಬಂದು ಬಾಡಿಗೆ ಕೋಣೆಯಲ್ಲಿರುವ ಅವರಿಗೆ ಫ್ಯಾನು, ಕುಡಿಯುವ ನೀರು, ದೀಪ ಇರುವ ಜಾಗ ಇದೊಂದೇ. ರಾತ್ರಿ ಹತ್ತರವರೆಗೂ ಏಳುವುದಿಲ್ಲ. ಪುಸ್ತಕದಲ್ಲಿ ಇನ್ನೊಂದು ವಿಷಯವೂ ಇತ್ತು: ಪಶ್ಚಿಮದ ಕೋಣೆಗೆ ಹೋದವರು ಮೂರು ಗಂಟೆಯಷ್ಟರಲ್ಲಿ ಎದ್ದು ಹೊರಗೆ ಸಹಿ ಮಾಡುತ್ತಾರೆ. ‘ಆ ಗೋಡೆಗೆ ಬೆನ್ನು ತಾಗಿಸಿ ನೋಡಿ, ಗೊತ್ತಾಗುತ್ತದೆ’ ಎಂದರು ಗ್ರಂಥಪಾಲಕಿ. ಇಷ್ಟನ್ನೂ ಗಂಟೆವಾರು ಪಟ್ಟಿ ಮಾಡಿ ಮಾದರಿಯ ಕೋಣೆಗಳಿಗೆ ಜೋಡಿಸಿದೆವು.

ಎಷ್ಟು ತಂಪು ಬೇಕು ಎಂಬುದೂ ಅಲ್ಲೇ ತೀರ್ಮಾನವಾಗಬೇಕಿತ್ತು. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಭಾರತದ ಕಚೇರಿಗಳಲ್ಲಿ ಜನರನ್ನೇ ಕೇಳಿ ಕಟ್ಟಿದ ಒಂದು ಸೂತ್ರ ಸಂಹಿತೆಯಲ್ಲಿದೆ, ಐಮ್ಯಾಕ್ ಎಂದು ಹೆಸರು. ಕಿಟಕಿ ತೆರೆದಿರುವ ಕಟ್ಟಡದಲ್ಲಿ ಕಳೆದ 30 ದಿನಗಳ ಹೊರಗಿನ ಸರಾಸರಿ ಉಷ್ಣಾಂಶವನ್ನು 0.54ರಿಂದ ಗುಣಿಸಿ 12.83 ಕೂಡಿಸಿದರೆ ಜನರಿಗೆ ಹಿತವೆನಿಸುವ ಉಷ್ಣಾಂಶ ಸಿಗುತ್ತದೆ. ಸರಾಸರಿ 34 ಇರುವ ಮೇ ತಿಂಗಳಿಗೆ ಅದು 31ಕ್ಕೆ ಸ್ವಲ್ಪ ಮೇಲೆ ಬರುತ್ತದೆ. ಕೆಲವು ಹೊತ್ತು ಕಿಟಕಿ, ಕೆಲವು ಹೊತ್ತು ಎಸಿ ಬಳಸುವ ಮಿಶ್ರ ಕಟ್ಟಡಕ್ಕೆ ಬೇರೆ ಸೂತ್ರ: 0.28ರಿಂದ ಗುಣಿಸಿ 17.87 ಕೂಡಿಸಬೇಕು. ಉತ್ತರ 27.4. ಸಭೆಯಲ್ಲಿದ್ದವರಿಗೆ ಇದು ತಮಾಷೆಯಾಗಿ ಕಂಡಿತು; ಒಬ್ಬ ಟ್ರಸ್ಟಿ ತಮ್ಮ ಮನೆಯ ಎಸಿ 18ರಲ್ಲಿದೆ ಎಂದು ಹೆಮ್ಮೆಯಿಂದಲೇ ಹೇಳಿದರು. ಗ್ರಂಥಪಾಲಕಿ ಮಾತ್ರ ತಲೆ ಆಡಿಸಿದರು. 42 ಡಿಗ್ರಿಯಿಂದ ಒಳಗೆ ಬಂದವನಿಗೆ 27 ಡಿಗ್ರಿ ಮತ್ತು ತಲೆಯ ಮೇಲೊಂದು ಫ್ಯಾನು ಸಾಕು ಎಂಬುದು ಅವರಿಗೆ ಸೂತ್ರವಿಲ್ಲದೆಯೂ ಗೊತ್ತಿತ್ತು. 27ಕ್ಕೆ ಒಪ್ಪಿಗೆ ಸಿಕ್ಕಿತು.

ಇನ್ನು ಸೂರ್ಯ. ಕಲಬುರಗಿ 17.3 ಡಿಗ್ರಿ ಉತ್ತರದಲ್ಲಿದೆ. ಮೇ ಎರಡನೇ ವಾರದಲ್ಲಿ ಸೂರ್ಯ ನಡುಹಗಲು ನೆತ್ತಿಯ ಮೇಲೆ ನಿಂತು, ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನವೂ ಉತ್ತರದ ಕಡೆಗೇ ಇರುತ್ತಾನೆ. ಉತ್ತರದ ಗೋಡೆಗೆ ಬಿಸಿಲೇ ಬೀಳುವುದಿಲ್ಲ ಎಂದು ಪಠ್ಯಪುಸ್ತಕದಿಂದ ಕಲಿತು ಬಂದ ಎಂಜಿನಿಯರುಗಳಿಗೆ ಮಾದರಿಯಲ್ಲಿ ಜೂನ್ ಒಂದರ ಬೆಳಿಗ್ಗೆ ಎಂಟು ಗಂಟೆಯನ್ನು ಹಾಕಿ ತೋರಿಸಿದರೆ ಸಾಕು, ಮಾತು ನಿಲ್ಲುತ್ತದೆ. ದಕ್ಷಿಣ ಸುಲಭದ ದಿಕ್ಕು. ಒಂದೂವರೆ ಮೀಟರ್ ಎತ್ತರದ ಕಿಟಕಿಗೆ 60 ಸೆಂಟಿಮೀಟರ್ ಸಜ್ಜಾ ಕೊಟ್ಟರೆ ಮಾರ್ಚ್ 21ರ ನಂತರ ಮಧ್ಯಾಹ್ನದ ಬಿಸಿಲು ಗಾಜನ್ನು ಮುಟ್ಟುವುದಿಲ್ಲ. ಡಿಸೆಂಬರಿನಲ್ಲಿ ಒಳಗೆ ಬರುತ್ತದೆ, ಬಂದರೆ ಬರಲಿ. ಪಶ್ಚಿಮವೇ ಕಷ್ಟ. ಮೇ ತಿಂಗಳ ಸಂಜೆ ನಾಲ್ಕು ಇಪ್ಪತ್ತರ ಸುಮಾರಿಗೆ ಸೂರ್ಯ ದಿಗಂತದಿಂದ 33 ಡಿಗ್ರಿ ಮೇಲಿರುತ್ತಾನೆ. ಅದೇ ಕಿಟಕಿಯನ್ನು ಸಜ್ಜಾದಿಂದ ಮರೆಮಾಡಬೇಕೆಂದರೆ ಅದು 2.3 ಮೀಟರ್ ಮುಂದಕ್ಕೆ ಚಾಚಬೇಕು. ಅಂಥ ಸಜ್ಜಾವನ್ನು ಯಾರೂ ಕಟ್ಟುವುದಿಲ್ಲ. ಆದರೂ ಊರಿನ ಪಶ್ಚಿಮದ ಕಿಟಕಿಗಳಿಗೆಲ್ಲ ಒಂದೂವರೆ ಅಡಿಯ ಸಜ್ಜಾ ಇದ್ದೇ ಇರುತ್ತದೆ, ಮಳೆನೀರಿಗೆ ಸರಿ.

ಪಶ್ಚಿಮಕ್ಕೆ ಪುಸ್ತಕದ ಕಪಾಟುಗಳ ಸಾಲನ್ನು ತಳ್ಳಿದರೆ ಆ ಭಾರವೇ ಶಾಖವನ್ನು ತಡೆಯುತ್ತದೆ ಎಂಬುದು ನಮ್ಮ ಮೊದಲ ಆಲೋಚನೆ. ಗ್ರಂಥಪಾಲಕಿ ಒಪ್ಪಲಿಲ್ಲ. ಬಿಸಿಗೆ ಬೈಂಡಿನ ಅಂಟು ಪುಡಿಯಾಗುತ್ತದೆ, ಬೆನ್ನು ಬಿಚ್ಚಿಕೊಳ್ಳುತ್ತದೆ ಎಂದು ಎರಡು ಹಳೆಯ ನಿಘಂಟುಗಳನ್ನೇ ತಂದು ತೋರಿಸಿದರು. ಕೊನೆಗೆ ಪಶ್ಚಿಮಕ್ಕೆ ಮೆಟ್ಟಿಲು, ಶೌಚಾಲಯ, ಲಿಫ್ಟು, ಉಗ್ರಾಣಗಳು ಹೋದವು; ಓದುವ ಹಾಲ್ ಉತ್ತರಕ್ಕೆ ತಿರುಗಿತು. ಉತ್ತರದ ಕಿಟಕಿಗಳಿಗೆ ಬೆಳಗಿನ, ಸಂಜೆಯ ಓರೆ ಬಿಸಿಲು ತಡೆಯಲು ನಿಂತ ಪಟ್ಟಿಗಳು ಬೇಕಾದವು. ಅಲ್ಯೂಮಿನಿಯಂ ಬದಲು ಶಹಾಬಾದಿನ ಫರಸಿ ಏಕಾಗಬಾರದು ಎಂದು ಯಾರೋ ಕೇಳಿದರು. ಮಾದರಿಯಲ್ಲಿ ಪಟ್ಟಿಯ ಅಗಲ, ನಡುವಿನ ಅಂತರ, ತಿರುವು ಬದಲಿಸುತ್ತ ಹೋದರೆ ಒಳಗಿನ ಬೆಳಕು ಮತ್ತು ಶಾಖ ಎರಡೂ ಏನಾಗುತ್ತವೆ ಎಂದು ಕಾಣುತ್ತದೆ. 45 ಸೆಂಟಿಮೀಟರ್ ಅಗಲದಲ್ಲಿ ಲೆಕ್ಕ ಹೊಂದಿತು. ಆದರೆ ಮಾದರಿಗೆ ಕಲ್ಲಿನ ಸ್ವಭಾವ ಗೊತ್ತಿಲ್ಲ. ಗೌಂಡಿ ಬಂದು ಒಂದು ಫರಸಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಪಕ್ಕಕ್ಕೆ ಸುತ್ತಿಗೆ ತಾಗಿಸಿದ. ಕಲ್ಲು ಪದರದ ಉದ್ದಕ್ಕೆ ಸೀಳಿತು. ‘ಮಲಗಿಸಿದರೆ ನೂರು ವರ್ಷ ಇರುತ್ತದೆ, ನಿಲ್ಲಿಸಬೇಕೆಂದರೆ ಎರಡೂ ಕಡೆ ಕಬ್ಬಿಣ ಹಿಡಿದಿರಬೇಕು’ ಎಂದ. ಮೇಲೆ, ಕೆಳಗೆ, ನಡುವೆ ಕಬ್ಬಿಣದ ಕೋನಪಟ್ಟಿ ಬಂತು, ಅದರ ತೂಕವೂ ವಸ್ತುಪಟ್ಟಿಗೆ ಸೇರಿತು.

ಇಷ್ಟೆಲ್ಲ ಆದ ಮೇಲೆ ಮಾದರಿಯನ್ನು ಶಕ್ತಿ ಲೆಕ್ಕದ ತಂತ್ರಾಂಶಕ್ಕೆ ಸಾಗಿಸಬೇಕು. ಮಾರಾಟದ ವಿಡಿಯೊಗಳಲ್ಲಿ ಇದು ಒಂದು ಗುಂಡಿ ಒತ್ತುವ ಕೆಲಸ. ನಿಜದಲ್ಲಿ ಇಡೀ ಕೆಲಸದ ಬೇಸರದ ಭಾಗ ಇದೇ, ಕಲಿಯಲು ಸಿಗುವುದೂ ಇಲ್ಲೇ. ನಾವು ರೆವಿಟ್‌ನಲ್ಲಿ ಕಟ್ಟಿದ ಮಾದರಿ ಜಿಬಿಎಕ್ಸ್‌ಎಂಎಲ್ ಎಂಬ ಕಡತವಾಗಿ ಹೊರಬಿದ್ದು ಎನರ್ಜಿಪ್ಲಸ್‌ಗೆ ಹೋಗಬೇಕು. ಆ ಕಡತಕ್ಕೆ ಕಟ್ಟಡ ಬೇಡ, ಕೋಣೆಗಳು ಬೇಕು. ಸುತ್ತಲೂ ಮುಚ್ಚಿದ ಗಾಳಿಯ ಗಡ್ಡೆಗಳು. ಎಲ್ಲಾದರೂ ಎರಡು ಗೋಡೆಗಳ ನಡುವೆ ಬೆರಳಷ್ಟು ಸಂದಿ ಇದ್ದರೆ ಬಾಯಿ ಕಟ್ಟದ ಚೀಲದಿಂದ ಜೋಳ ಸುರಿದ ಹಾಗೆ ಕೋಣೆ ಹೊರಗೆ ಸೋರಿಹೋಗುತ್ತದೆ, ಪಟ್ಟಿಯಲ್ಲಿ ಅದರ ಹೆಸರೇ ಇರುವುದಿಲ್ಲ.

ಓದುವ ಹಾಲ್‌ನದೇ ಉದಾಹರಣೆ. ಅದಕ್ಕೆ ಫಾಲ್ಸ್ ಸೀಲಿಂಗ್ ಇದೆ. ಒಳಾಂಗಣದವರ ದೃಷ್ಟಿಯಲ್ಲಿ ಕೋಣೆ ಅಲ್ಲಿಗೆ ಮುಗಿಯುತ್ತದೆ, ಹಾಗಾಗಿ ಮಾದರಿಯಲ್ಲೂ ಕೋಣೆಯ ಎತ್ತರ ಅಲ್ಲಿಗೇ ನಿಂತಿತ್ತು. ಅದರ ಮೇಲಿನಿಂದ ಸ್ಲ್ಯಾಬಿನವರೆಗಿನ ಜಾಗ ಯಾರಿಗೂ ಸೇರದ ಗಾಳಿ. ತಂತ್ರಾಂಶ ಆ ಜಿಪ್ಸಂ ಹಾಳೆಯನ್ನೇ ಕಟ್ಟಡದ ಮಾಳಿಗೆ ಎಂದು ತಿಳಿದು ಅದರ ಮೇಲೆ ನೇರ ಬಿಸಿಲು ಸುರಿಯಿತು. ಸ್ಲ್ಯಾಬು ಲೆಕ್ಕದಿಂದಲೇ ಹೊರಗೆ. ಬಂದ ಉತ್ತರ ನೋಡಲು ಸಭ್ಯವಾಗಿಯೇ ಇತ್ತು, ಅದೇ ಅಪಾಯ. ಮೇಲ್ಮೈಗಳ ವಿಸ್ತೀರ್ಣವನ್ನು ಒಂದೊಂದಾಗಿ ತಾಳೆ ನೋಡದಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಸಜ್ಜಾಗಳು ನೆಲದ ತುಂಡುಗಳಾಗಿ ಓದಲ್ಪಟ್ಟವು, ಹಾಲ್‌ನ ನಡುವಿನ ಕಂಬಗಳು ಕೋಣೆಯನ್ನು ಚೂರುಚೂರು ಮಾಡಿದವು, ಫರಸಿ ಪಟ್ಟಿಗಳು ಮಾಯವಾದವು. ಮಾದರಿ ಎಷ್ಟು ವಿವರವಾಗಿದ್ದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ಶಕ್ತಿ ಲೆಕ್ಕದಲ್ಲಿ ನಡೆಯುವುದಿಲ್ಲ. ಬಾಗಿಲ ಹಿಡಿ, ಕಪಾಟಿನ ಅಂಚು, ಒಳಗಿನ ಸಣ್ಣ ಕಂಬ ಎಲ್ಲವನ್ನೂ ಕಿತ್ತು, ಕೋಣೆಗಳನ್ನು ಸ್ಲ್ಯಾಬಿನವರೆಗೆ ಎತ್ತಿ, ನೆರಳು ಕೊಡುವ ವಸ್ತುಗಳನ್ನು ಬೇರೆಯಾಗಿ ಗುರುತು ಮಾಡಿ, ಬೋಳಿಸಿದ ಒಂದು ಪ್ರತಿಯನ್ನು ಇಟ್ಟುಕೊಂಡೆವು. ಮೂಲದಲ್ಲಿ ಗೋಡೆ ಬದಲಾದರೆ ಇದರಲ್ಲೂ ಬದಲಾಗುವಂತೆ ಹೆಸರುಗಳನ್ನು ಒಂದೇ ಮಾಡಿದೆವು.

ಗೋಡೆಯ ವಿಷಯದಲ್ಲಿ ಮಾದರಿ ನಮಗೆ ಒಂದು ಪಾಠ ಹೇಳಿತು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗೆ ಎರಡೂ ಕಡೆ ಗಿಲಾವು ಮಾಡಿದರೆ ಯು-ಮೌಲ್ಯ ಸುಮಾರು 2. ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಚದರ ಮೀಟರಿಗೆ 2 ವ್ಯಾಟ್ ಶಾಖ ದಾಟುತ್ತದೆ. 200 ಮಿಲಿಮೀಟರಿನ ಎಎಸಿ ಬ್ಲಾಕ್, ಅಂದರೆ ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ಬ್ಲಾಕ್ ಹಾಕಿದರೆ ಅದು 0.76ಕ್ಕೆ ಇಳಿಯುತ್ತದೆ. ಮಾರಾಟದವರ ಕರಪತ್ರ ಇಲ್ಲಿಗೆ ನಿಲ್ಲುತ್ತದೆ. ಆದರೆ ಗೋಡೆ ಪೂರ್ತಿ ಬ್ಲಾಕಿನದ್ದಲ್ಲ. ಕಂಬ, ತೊಲೆ, ಲಿಂಟಲ್‌ಗಳ ಕಾಂಕ್ರೀಟು ಹೊರಮೈಯಲ್ಲಿ ಕಾಣುತ್ತದೆ. ಅದರ ಯು-ಮೌಲ್ಯ 2.8ರ ಆಸುಪಾಸು. ಕೈಲೆಕ್ಕದಲ್ಲಿ ಯಾರೂ ಅದನ್ನು ಹಿಡಿಯುವುದಿಲ್ಲ, ಮಾದರಿಯಲ್ಲಿ ಅದರ ವಿಸ್ತೀರ್ಣ ತಾನಾಗಿ ಬರುತ್ತದೆ. ನಮ್ಮ ಹೊರಗೋಡೆಯಲ್ಲಿ ಐದರಲ್ಲಿ ಒಂದು ಪಾಲು ಕಾಂಕ್ರೀಟಿತ್ತು. ಎರಡನ್ನೂ ಸೇರಿಸಿದರೆ ಗೋಡೆಯ ನಿಜವಾದ ಮೌಲ್ಯ 1.17. ಕರಪತ್ರ ಹೇಳಿದ್ದಕ್ಕಿಂತ ಒಂದೂವರೆ ಪಟ್ಟು! ರಚನಾ ಎಂಜಿನಿಯರನ್ನು ಕೂರಿಸಿಕೊಂಡು ಸಾಧ್ಯವಾದ ಕಡೆ ಕಂಬಗಳನ್ನು ಒಳಕ್ಕೆ ಸರಿಸಿ, ಹೊರಗಿನಿಂದ ತೆಳುವಾದ ಬ್ಲಾಕು ಮುಚ್ಚಿದೆವು. ಅವರು ಇದನ್ನು ಅಷ್ಟೇನೂ ಸಂತೋಷದಿಂದ ಮಾಡಲಿಲ್ಲ.

ಆದರೆ ಗೋಡೆಗಳನ್ನು ಎಷ್ಟು ತಿದ್ದಿದರೂ ಓದುವ ಹಾಲ್‌ನ ಎಸಿ ಇಳಿಯಬೇಕಾದಷ್ಟು ಇಳಿಯಲಿಲ್ಲ. ಸೂರ್ಯ ನೆತ್ತಿಯ ಮೇಲಿರುವ ಊರಿನಲ್ಲಿ ಗೋಡೆಯನ್ನು ಬಯ್ದು ಏನು ಪ್ರಯೋಜನ? ಮಾಳಿಗೆಯ ಸಾಲನ್ನು ಬೇರೆ ಮಾಡಿ ನೋಡಿದೆವು. ಆರು ಇಂಚಿನ ಬರಿಯ ಸ್ಲ್ಯಾಬಿನ ಯು-ಮೌಲ್ಯ ಹತ್ತಿರ ಹತ್ತಿರ 4. ಬಿಸಿಲಿನ ಹೊಡೆತವನ್ನೂ ಸೇರಿಸಿಕೊಂಡು ಮೇಲ್ಮೈಗೆ 65 ಡಿಗ್ರಿ, ಒಳಗೆ 27 ಎಂದು ಹಿಡಿದರೆ ವ್ಯತ್ಯಾಸ 38. ಚದರ ಮೀಟರಿಗೆ 152 ವ್ಯಾಟ್. ಹಾಲ್‌ನ 200 ಚದರ ಮೀಟರಿಗೆ 30 ಕಿಲೋವ್ಯಾಟ್. ಒಂದು ಟನ್ ಎಸಿ ಎಂದರೆ ಮೂರೂವರೆ ಕಿಲೋವ್ಯಾಟ್ ಶಾಖ ಹೊರಹಾಕುವ ಶಕ್ತಿ, ಅಂದರೆ ಬರಿಯ ಸ್ಲ್ಯಾಬು ಒಂದೇ ಸುಮಾರು 9 ಟನ್ ತಿನ್ನುತ್ತದೆ. ಮೇಲೆ 75 ಮಿಲಿಮೀಟರಿನ ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮಿನ ಹಲಗೆ ಹಾಸಿದರೆ ಯು-ಮೌಲ್ಯ 0.34ರ ಸುತ್ತ ಬರುತ್ತದೆ, ಒಂಬತ್ತು ಟನ್ ಇದ್ದದ್ದು ಮುಕ್ಕಾಲು ಟನ್ ಆಗುತ್ತದೆ. ಸಂಹಿತೆ ಬಹುತೇಕ ಕಟ್ಟಡಗಳಿಗೆ ಕೇಳುವುದು 0.33, ಸಣ್ಣ ಶಾಲೆಗಳಿಗೆ ಸ್ವಲ್ಪ ಸಡಿಲಿಕೆ ಇದೆ. ಈ ಕೈಲೆಕ್ಕ ಒರಟು. ಸ್ಲ್ಯಾಬಿನ ಭಾರ ಶಾಖವನ್ನು ಕೆಲವು ಗಂಟೆ ಹಿಡಿದಿಟ್ಟು ಸಂಜೆಗೆ ತಳ್ಳುತ್ತದೆ. ಗಂಟೆವಾರು ಲೆಕ್ಕದಲ್ಲಿ ಅಂತರ ಕಿರಿದಾಯಿತು, ಆದರೆ ತಳ್ಳಿದ ಸಂಜೆಯಲ್ಲೇ ನಮ್ಮ ಪಿಎಸ್‌ಐ ಪರೀಕ್ಷೆಯವರು ಹಾಲ್‌ನಲ್ಲಿ ತುಂಬಿರುತ್ತಾರೆ.

ಆಗ ನನಗೆ ಗುತ್ತಿಗೆದಾರರ ಒಂದು ಪುಟದ ಮೇಲೆ ಗೌರವ ಬಂತು. ನೂರಿಪ್ಪತ್ತೈದು ಚದರ ಅಡಿಗೆ ಒಂದು ಟನ್ ಎಂಬುದು ಬಾಯಿಗೆ ಬಂದ ಸಂಖ್ಯೆಯಲ್ಲ. ಬರಿಯ ಸ್ಲ್ಯಾಬಿನ ಕಟ್ಟಡಗಳಲ್ಲಿ ಯಂತ್ರ ಕೂರಿಸಿ, ‘ತಂಪಾಗುತ್ತಿಲ್ಲ’ ಎಂಬ ಫೋನುಗಳನ್ನು ಕೇಳಿ ಕೇಳಿ ಕಲಿತ ಸಂಖ್ಯೆ. ಅವರು ಊರಿನ ಮಾಳಿಗೆಗಳನ್ನು ಸರಿಯಾಗಿಯೇ ಅಳೆದಿದ್ದರು.

ಟ್ರಸ್ಟಿನ ಹಿರಿಯರೊಬ್ಬರಿಗೆ ಸಂಖ್ಯೆಗಳು ಬೇಕಾಗಲಿಲ್ಲ. ಅವರು ಹುಟ್ಟಿದ್ದು ಮೇಲ್ಮುದ್ದೆ ಮನೆಯಲ್ಲಿ. ಮಣ್ಣಿನ ಆ ದಪ್ಪ ಮಾಳಿಗೆಯ ಕೆಳಗೆ ಬೇಸಿಗೆಯ ಮಧ್ಯಾಹ್ನ ಮಲಗಿದ್ದವರು, 1970ರ ದಶಕದಲ್ಲಿ ಅದನ್ನು ಕೆಡವಿ ಆರ್‌ಸಿಸಿ ಹಾಕಿಸಿದ ಮೇಲೆ ಅಂಗಳಕ್ಕೆ ಬಂದು ಮಲಗಿದರಂತೆ. ಒಪ್ಪಿಗೆ ಅಲ್ಲಿಂದ ಬಂತು. ದುಡ್ಡಿನ ಲೆಕ್ಕ ಮಾದರಿಯಿಂದ ಬಂತು: ಹಾಲ್ ಮತ್ತು ಕಪಾಟುಗಳಿರುವ ಭಾಗದ ಮೇಲೆ ಮಾತ್ರ ಹಲಗೆ, ಪಶ್ಚಿಮದ ಮೆಟ್ಟಿಲು, ಶೌಚಾಲಯಗಳ ಮೇಲೆ ಬರಿಯ ಬಿಳಿ ಹಂಚಿನ ಚೂರು. ಕಡಿಮೆಯಾದ ಎಸಿಯ ಬೆಲೆ ಹಲಗೆಯ ಬೆಲೆಯನ್ನು ತೂಗಿಸಿ ಸ್ವಲ್ಪ ಉಳಿಸಿತು.

ಬಹಳ ಕಟ್ಟಡಗಳಲ್ಲಿ ಮಾಳಿಗೆಯ ಉಷ್ಣ ನಿರೋಧಕಕ್ಕೆ ಕುತ್ತು ಬರುವುದು ಮೆಟ್ಟಿಲ ಮನೆಯ ಹೊಸ್ತಿಲಿನಿಂದ. ಹಲಗೆ, ಅದರ ಮೇಲೆ ಇಳಿಜಾರಿನ ಕಾಂಕ್ರೀಟು, ಹಂಚಿನ ಚೂರು ಎಲ್ಲ ಸೇರಿ ತಾರಸಿಯ ಮಟ್ಟ ಅರ್ಧ ಅಡಿಗಿಂತ ಮೇಲೇರುತ್ತದೆ. ಬಾಗಿಲ ಹೊಸ್ತಿಲು ಆಗಲೇ ಕೂತಿರುತ್ತದೆ. ಮಳೆನೀರು ಒಳಗೆ ಬರುತ್ತದೆ ಎಂದು ಮೇಸ್ತ್ರಿ ಹೇಳುತ್ತಾನೆ, ಎಂಜಿನಿಯರು ಹಲಗೆಯನ್ನು ಅರ್ಧ ಮಾಡುತ್ತಾನೆ ಇಲ್ಲವೇ ಬಿಟ್ಟೇಬಿಡುತ್ತಾನೆ. ನಕ್ಷೆಯಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ತಾರಸಿಯ ಪದರಗಳನ್ನು ಬರೆದ ಹಾಳೆ ಬೇರೆ, ಬಾಗಿಲಿನ ಹಾಳೆ ಬೇರೆ. ಮಾದರಿಯಲ್ಲಿ ಪದರ ಹಾಕಿದ ಕೂಡಲೇ ಬಾಗಿಲ ಬುಡ ಮುಚ್ಚಿಹೋದದ್ದು ಕಂಡಿತು. ಸ್ಲ್ಯಾಬು ಹಾಕುವ ಮುಂಚೆಯೇ ಒಂದು ಮೆಟ್ಟಿಲು ಸೇರಿಸಿ, ಪ್ಯಾರಪೆಟ್ ಎತ್ತರಿಸಿ, ನೀರಿನ ಬಾಯಿಗಳನ್ನು ಮೇಲಕ್ಕೆ ತಂದೆವು. ಈ ಒಂದು ಸಣ್ಣ ಸಂಗತಿ ಉಳಿಸಿದಷ್ಟು ವಿದ್ಯುತ್ತನ್ನು ಸಭೆಯಲ್ಲಿ ತೋರಿಸಿದ, ಶಾಖ ಸೂಚಿಸುವ ಕೆಂಪು ನೀಲಿ ಚಿತ್ರಗಳು ಉಳಿಸಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೂಲರ್‌ಗಳ ವಿಷಯ ಬರದೇ ಇರಲಿಲ್ಲ. ಒಣ ಬಿಸಿಲಿನ ಊರಿಗೆ ನೀರು ಆವಿಯಾಗಿಸಿ ತಂಪು ಮಾಡುವುದೇ ಜಾಣತನ, ಕಲಬುರಗಿಯ ಮನೆಮನೆಯಲ್ಲೂ ಅದೇ ಇದೆ. ಲೆಕ್ಕದಲ್ಲೂ ಗೆದ್ದದ್ದು ಅದೇ. ಆದರೆ ಮೇ ತಿಂಗಳಲ್ಲಿ ಟ್ಯಾಂಕರ್ ನೀರು ತರಿಸುವ ಸಂಸ್ಥೆ ಅದು, ಜೊತೆಗೆ ತೇವಕ್ಕೆ ಪುಸ್ತಕಗಳಲ್ಲಿ ಬೂಸಲು. ಪ್ರವೇಶದ ಹಜಾರಕ್ಕೆ ಮಾತ್ರ ಕೂಲರ್ ಉಳಿಯಿತು.

ಎಲ್ಲ ಮುಗಿದು ಗುತ್ತಿಗೆದಾರರ ಮುಂದೆ 18 ಟನ್ ಇಟ್ಟಾಗ ಅವರು ನಕ್ಕರು. ಕೋಣೆವಾರು ಪಟ್ಟಿಯನ್ನು ಕೊಟ್ಟೆ: ಜನರಿಂದ ಎಷ್ಟು, ಹೊರಗಿನಿಂದ ತರುವ ಹೊಸ ಗಾಳಿಯಿಂದ ಎಷ್ಟು, ಕಂಪ್ಯೂಟರುಗಳಿಂದ, ದೀಪಗಳಿಂದ, ಗೋಡೆ, ಗಾಜು, ಮಾಳಿಗೆಯಿಂದ ಎಷ್ಟು. ಮಾಳಿಗೆಯ ಸಾಲಿಗೆ ಬಂದಾಗ ಬೆರಳು ನಿಲ್ಲಿಸಿದರು. ‘ಇದು ನಿಜವಾಗಿ ಹಾಕಿದರೆ ಸರಿ. ಹಾಕದಿದ್ದರೆ ಫೋನು ನನಗೆ ಬರುತ್ತದೆ.’ ಹಾಕಿದ ಮೇಲೆ ಬಂದು ನೋಡಿ ಸಹಿ ಮಾಡುತ್ತೇನೆ ಎಂಬ ಷರತ್ತು ಹಾಕಿದರು. ಯಾವ ಸಲಹೆಗಾರರೂ ಹಾಕದ ಒಳ್ಳೆಯ ಷರತ್ತು ಅದು.

ಅದರ ಅಗತ್ಯವೂ ಬಿತ್ತು. ಸರಬರಾಜುದಾರರೊಬ್ಬರು 75ರ ಬದಲು 50 ಮಿಲಿಮೀಟರಿನ ಹಲಗೆ ಕಳಿಸಿ ‘ಇದೂ ಅದೇ ಕಂಪನಿಯದು’ ಎಂದರು. ಮಾದರಿಯ ವಸ್ತುಪಟ್ಟಿಯಲ್ಲಿ ದಪ್ಪ, ಸಾಂದ್ರತೆ, ಯು-ಮೌಲ್ಯ ಒಂದೇ ಸಾಲಿನಲ್ಲಿದ್ದ ಕಾರಣ ವಾದ ಬೆಳೆಯಲಿಲ್ಲ. ಮೇಲೆ 25 ಮಿಲಿಮೀಟರಿನ ಇನ್ನೊಂದು ಪದರ ಬಂತು, ಕೆಳಗಿನ ಸಂದಿಗಳ ಮೇಲೆ ಮೇಲಿನ ಹಲಗೆ ಕೂರುವಂತೆ ಜೋಡಿಸಿದರು. ಗಾಜಿನಲ್ಲಿ ಇನ್ನೂ ಸೂಕ್ಷ್ಮ. ದಕ್ಷಿಣದ ಕಿಟಕಿಗಳಿಗೆ ಬಂದ ಗಾಜು ಕಣ್ಣಿಗೆ ಕಪ್ಪಗೆ, ಕನ್ನಡಿಯಂತೆ ಹೊಳೆಯುತ್ತಿತ್ತು. ಕಪ್ಪಗಿದ್ದರೆ ಶಾಖ ತಡೆಯುತ್ತದೆ ಎಂದು ನಂಬುವವರು ಬಹಳ. ಶಾಖ ಎಷ್ಟು ಒಳಬರುತ್ತದೆ ಎಂಬ ಪ್ರಮಾಣಪತ್ರ ಕೇಳಿದೆವು, ಬರಲಿಲ್ಲ. ಸಜ್ಜಾ ಚೆನ್ನಾಗಿರುವ ದಕ್ಷಿಣಕ್ಕೆ ಸಾಧಾರಣ ಪಾರದರ್ಶಕ ಗಾಜೇ ಸಾಕು ಎಂದು ಮತ್ತೆ ಲೆಕ್ಕ ಮಾಡಿ ಆ ಕಪ್ಪು ಗಾಜನ್ನು ಹಿಂದಕ್ಕೆ ಕಳಿಸಿದೆವು. ದುಬಾರಿ ಗಾಜು ಪೂರ್ವದ ಕೆಲವು ಕಿಟಕಿಗಳಿಗೆ ಮಾತ್ರ ಉಳಿಯಿತು. ಹಗಲು ಹೊತ್ತು ಓದುವ ಮೇಜಿಗೆ ದೀಪ ಬೇಕಾಗದಷ್ಟು ಬೆಳಕು ಬಂತು, ಇದು ಕಪ್ಪು ಗಾಜಿನಿಂದ ಆಗುತ್ತಿರಲಿಲ್ಲ.

ಕಟ್ಟಡ ತೆರೆದ ಮೇಲೆ ಮೀಟರು ನಮ್ಮ ಲೆಕ್ಕಕ್ಕಿಂತ ಹೆಚ್ಚು ತೋರಿಸಿತು. ಓದುವ ಹಾಲ್‌ಗೆ ಬೇರೆ ಮೀಟರು ಇಟ್ಟಿದ್ದರಿಂದ ಕಾರಣ ಹುಡುಕಲು ಸಾಧ್ಯವಾಯಿತು. ಒಂದು, ಹಾಲ್ ತಂಪಾಗಿದೆ ಎಂಬ ಸುದ್ದಿ ಹಬ್ಬಿ, ಹಾಜರಿ ಪುಸ್ತಕದಲ್ಲಿ ಇದ್ದದ್ದಕ್ಕಿಂತ ಹೆಚ್ಚು ಜನ ಬಂದರು. ಇನ್ನೊಂದು, ಎಸಿ 27ರಲ್ಲಿರಲಿಲ್ಲ. 2020ರ ಜನವರಿಯಿಂದ ನಕ್ಷತ್ರ ಗುರುತಿನ ಕೋಣೆ ಎಸಿಗಳು 24ರಲ್ಲಿ ಶುರುವಾಗುವಂತೆ ಬರುತ್ತವೆ. ಇಲ್ಲಿ ಯಾರೋ ಅದನ್ನೂ ಇಳಿಸಿ 20 ಮಾಡಿದ್ದರು. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ಉಳಿಯುತ್ತದೆ ಎಂದು ಬ್ಯೂರೋ ಹೇಳುತ್ತದೆ, ಇಲ್ಲಿ ಏಳು ಡಿಗ್ರಿ. ರಿಮೋಟನ್ನು ಗ್ರಂಥಪಾಲಕಿಯ ಮೇಜಿನ ಖಾನೆಗೆ ಹಾಕಿ ಬೀಗ ಹಾಕಲಾಯಿತು. ಕಡಿಮೆ ಕರೆಂಟು ಎಳೆಯುವ, 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನುಗಳು ಇದ್ದದ್ದರಿಂದ ಗಲಾಟೆ ಎರಡೇ ದಿನಕ್ಕೆ ಮುಗಿಯಿತು.

ಅಷ್ಟು ಕಷ್ಟಪಟ್ಟು ಕಟ್ಟಿದ ಮಾದರಿಯನ್ನು ಸಂಸ್ಥೆಗೆ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದೇವೆ. ಅದನ್ನು ತೆರೆಯುವ ಕಂಪ್ಯೂಟರು ಅಲ್ಲಿಲ್ಲ. ಯಾವ ಯಂತ್ರ, ಯಾವ ಕೋಣೆ, ಯಾವಾಗ ಶುಚಿ ಮಾಡಬೇಕು ಎಂಬ ಪಟ್ಟಿಯನ್ನು ಅದರಿಂದ ಮುದ್ರಿಸಿ ವಿದ್ಯುತ್ ಕೋಣೆಯ ಬಾಗಿಲ ಹಿಂದೆ ಅಂಟಿಸಿದೆವು. ಎಲೆಕ್ಟ್ರಿಷಿಯನ್ ಅದರ ಅಂಚಿನಲ್ಲಿ ಪೆನ್ಸಿಲಿನಿಂದ ತನ್ನದೇ ಕಾಲಂ ಎಳೆದು, ಕಪ್ಪು ನೆಲದ ಧೂಳಿಗೆ ಫಿಲ್ಟರುಗಳು ನಾವು ಬರೆದ ಅವಧಿಗಿಂತ ಬೇಗ ಕಟ್ಟಿಕೊಳ್ಳುತ್ತವೆ ಎಂದು ಗುರುತು ಹಾಕುತ್ತಿದ್ದಾನೆ. ಮಾಳಿಗೆಯ ಬಿಳಿ ಹಂಚನ್ನು ಬೇಸಿಗೆಗೆ ಮುಂಚೆ ತೊಳೆಯಬೇಕು ಎಂಬ ಸಾಲನ್ನು ಸೇರಿಸಿದವನೂ ಅವನೇ.

ಈಗ ಅದೇ ಸಂಸ್ಥೆ ವಿದ್ಯಾರ್ಥಿನಿಯರ ವಸತಿ ನಿಲಯ ಕಟ್ಟಿಸಲು ಹೊರಟಿದೆ. ಮಾಳಿಗೆಯ ಬಗ್ಗೆ ಈ ಬಾರಿ ಚರ್ಚೆಯೇ ನಡೆಯಲಿಲ್ಲ, ಹೊಸ್ತಿಲನ್ನು ಎತ್ತರಿಸಿಯೇ ಮಾದರಿ ಶುರು ಮಾಡಿದ್ದೇವೆ. ತಕರಾರು ಮುಂಭಾಗದ್ದು. ರಸ್ತೆ ಇರುವುದು ಪಶ್ಚಿಮಕ್ಕೆ. ರಸ್ತೆಯಿಂದ ನೋಡುವವರಿಗೆ ಕಟ್ಟಡ ಪೂರ್ತಿ ಗಾಜಾಗಿ ಹೊಳೆಯಬೇಕು ಎಂಬುದು ಕೆಲವರ ಆಸೆ. ಗಾಜಿನದೊಂದು, ಗೋಡೆಗೆ ಕಿರಿದಾದ ಕಿಟಕಿಗಳಿಟ್ಟು ಮುಂದೆ ಫರಸಿ ಪಟ್ಟಿ ನಿಲ್ಲಿಸಿದ್ದೊಂದು, ಎರಡನ್ನೂ ಲೆಕ್ಕಕ್ಕೆ ಹಾಕಿ ಉತ್ತರ ಇಟ್ಟುಕೊಂಡಿದ್ದೇನೆ. ಸದ್ಯಕ್ಕೆ ಗಾಜಿನ ಕಡೆಯವರ ಸಂಖ್ಯೆಯೇ ಹೆಚ್ಚಿದೆ.